ಹಟ ಮಾಡುವ ಮಗು



ಇಂದು ನಾವು ಹಟ ಮಾಡುವ ಮಗುವಿನ ಬಗ್ಗೆ ಮಾತಾಡೋಣ. ನಮ್ಮ ಚಿಟಗುಪ್ಪದಲ್ಲಿ ಇಂಥ ಮಗು ಇಲ್ಲದ ಓಣಿ ಯಾವುದು ಹೇಳಿ? "ಊಟಕ್ಕ ಬಾ" ಅಂದರೆ "ಒಲ್ಲೆ" ಅಂತದ. "ಸಾಲಿಗೆ ಹೋಗು" ಅಂದರೆ "ಹೋಗಂಗಿಲ್ಲ" ಅಂತದ. ತಾನೇ ತಪ್ಪು ಮಾಡಿ ತಮ್ಮನ ಮೇಲೆ ಹಾಕತದ.

ಆಗ ಮನೆಯವರು ಏನಂತಾರೆ? "ತಾಯಿ ಸಲಿಗಿ ಕೊಟ್ಟು ಕೆಡಿಸ್ಯಾಳ" ಅಂತಾರೆ. ತಾಯಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಮಗುವಿನ ಬೆನ್ನ ಮೇಲೆ ಬೀಳುತ್ತದೆ. ಮಗು ಇನ್ನೂ ಹಟ ಹಿಡಿಯುತ್ತದೆ.

ಎರಡು ಮೂರು ವರ್ಷದ ಮಗು "ಒಲ್ಲೆ" ಅನ್ನುವುದು ರೋಗವಲ್ಲ. ತನಗೂ ಒಂದು ಮನಸ್ಸು ಇದೆ ಎಂದು ಮಗು ಆಗ ಕಲಿಯುತ್ತದೆ. ಅದನ್ನು ಹೇಳಲು ಮಾತು ಸಾಲದು. ಅದಕ್ಕೇ ಅಳು, ಹೊರಳಾಟ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಸಿಟ್ಟು ಬೇಗ. ಅದು ತಾಯಿಯ ತಪ್ಪಲ್ಲ, ಮಗುವಿನ ತಪ್ಪೂ ಅಲ್ಲ.

ದೊಡ್ಡ ಮಗು ದಿನಾ ಹಟ ಮಾಡಿದರೆ ಕಾರಣ ಹುಡುಕೋಣ. ಕಿವಿ ಸೋರುತ್ತಿದೆಯೇ? ಕೇಳಿಸದ ಮಗು ನಮ್ಮ ಮಾತು ಮೀರಿದಂತೆ ಕಾಣುತ್ತದೆ. ಹಲಗೆಯ ಮೇಲಿನ ಅಕ್ಷರ ಕಾಣುತ್ತದೆಯೇ? ಓದಲು ಬಾರದೆ ನಾಚಿಕೆಯಾಗಿ ಸಾಲಿ ಒಲ್ಲೆ ಅನ್ನುತ್ತಿದೆಯೇ? ಅಪ್ಪ ಅವ್ವ ದುಡಿಯಲು ಹೈದರಾಬಾದಿಗೋ ಪುಣೆಗೋ ಹೋಗಿ, ಮಗು ಅಜ್ಜಿಯ ಹತ್ತಿರ ಉಳಿದಿದೆಯೇ? ಮನೆಯಲ್ಲಿ ಕುಡಿತ, ಬಡಿದಾಟ ಇದೆಯೇ? ಮಗು ಬಾಯಿಂದ ಹೇಳಲಾರದ್ದನ್ನು ಹಟದಿಂದ ಹೇಳುತ್ತದೆ.

ಹಟ ಬೆಳೆಯುವ ಬಗೆಯನ್ನೂ ನೋಡೋಣ. ಸಂತೆಯಲ್ಲಿ ಮಗು ಮಿಠಾಯಿ ಬೇಡುತ್ತದೆ. ನಾವು ಮೂರು ಸಲ ಬೇಡ ಅನ್ನುತ್ತೇವೆ. ಮಗು ನೆಲಕ್ಕೆ ಬಿದ್ದು ಹೊರಳುತ್ತದೆ. ಜನ ನೋಡುತ್ತಾರೆ. ನಾವು ನಾಚಿ ಕೊಡಿಸುತ್ತೇವೆ. ಮಗು ಏನು ಕಲಿಯಿತು? ಹೊರಳಿದರೆ ಮಿಠಾಯಿ ಸಿಗತದ ಅಂತ ಕಲಿಯಿತು. ಮರುದಿನ ನಾವು ಹೊಡೆಯುತ್ತೇವೆ. ಮಗು ಸುಮ್ಮನಾಗುತ್ತದೆ. ಆಗ ನಾವು ಏನು ಕಲಿತೆವು? ಹೊಡೆದರೆ ಕೇಳತದ ಅಂತ ಕಲಿತೆವು. ಹೀಗೆ ಹಗ್ಗ ಎರಡೂ ಕಡೆಯಿಂದ ಬಿಗಿಯುತ್ತದೆ. ಮೊದಲು ನಾವೇ ನಮ್ಮ ಕಡೆ ಸಡಿಲ ಬಿಡಬೇಕು.

ಹೇಗೆ ಬಿಡುವುದು?

ಒಂದು: ದೂರದಿಂದ ಕೂಗಬೇಡಿ. ಹತ್ತಿರ ಹೋಗಿ, ಮುಖ ನೋಡಿ, ಒಂದೇ ಮಾತು ಹೇಳಿ.

ಎರಡು: ಸಣ್ಣ ಆಯ್ಕೆ ಕೊಡಿ. "ಮೊದಲ ಕೈ ತೊಳಿತಿಯೋ, ಅಂಗಿ ಬದಲಸ್ತಿಯೋ?" ಎರಡೂ ಆಗಬೇಕಾದ ಕೆಲಸವೇ. ಆದರೆ ಆರಿಸಿದ್ದು ಮಗು.

ಮೂರು: ಒಳ್ಳೆಯದನ್ನು ಕಂಡ ಕೂಡಲೇ ಹೇಳಿ. "ತಮ್ಮನ್ನ ಆಡಿಸಿದಿ, ಛಲೋ ಮಾಡಿದಿ ನೋಡು." ದಿನಾ ಹತ್ತು ನಿಮಿಷ ಆ ಮಗುವಿನ ಜೊತೆಗೇ ಕೂಡಿ. ಆಗ ಬೈಗುಳ ಬೇಡ, ಬುದ್ಧಿಮಾತೂ ಬೇಡ.

ನಾಲ್ಕು: ಬೇಡ ಅಂದದ್ದು ಬೇಡವೇ ಆಗಿರಲಿ. ಅವ್ವ ಬೇಡ ಅಂದದ್ದನ್ನು ಅಜ್ಜಿ ಕೊಡಬಾರದು. ಮೊದಲ ಕೆಲವು ದಿನ ಅಳು ಹೆಚ್ಚಾಗಬಹುದು. ಹೆದರಬೇಡಿ, ಗಟ್ಟಿಯಾಗಿ ನಿಲ್ಲಿ.

ಐದು: ತಪ್ಪಿಗೆ ಸಣ್ಣ ಶಿಕ್ಷೆ ಸಾಕು, ಆಗಲೇ ಇರಲಿ. ತಮ್ಮನಿಗೆ ಹೊಡೆದರೆ ಆಟ ಸ್ವಲ್ಪ ಹೊತ್ತು ಬಂದ್. ಊಟ ಕೊಡದೆ ಇರುವುದು ಬೇಡ. "ಮನೆ ಬಿಟ್ಟು ಹೋಗು" ಅನ್ನುವುದೂ ಬೇಡ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಹೇಳುತ್ತಾರೆ. ನಿಜ. ಆದರೆ ಎಳೆಯ ಗಿಡವನ್ನು ಜಗ್ಗಿದರೆ ಬಗ್ಗುವುದಿಲ್ಲ, ಮುರಿಯುತ್ತದೆ. ಸಾಲಿಯಲ್ಲೂ ಹೊಡೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾನೂನು ಅದನ್ನು ನಿಷೇಧಿಸಿದೆ. ಮಾಸ್ತರರ ಹತ್ತಿರ ಹೋಗಿ "ಮನೆಯಾಗ ಹಿಂಗ ಮಾಡ್ತೀವ್ರಿ, ಸಾಲ್ಯಾಗೂ ಹಂಗೇ ಮಾಡ್ರಿ" ಎಂದು ಕೇಳೋಣ. ಕೇಳುವುದು ನಮ್ಮ ಹಕ್ಕು.

ಇಷ್ಟು ಮಾಡಿದರೂ ಆರು ತಿಂಗಳು ಅದೇ ಸಿಟ್ಟು, ಅದೇ ಜಗಳ ಇದ್ದರೆ? ಮಗು ತನಗೆ ತಾನೇ ಗಾಯ ಮಾಡಿಕೊಂಡರೆ? ಆಗ ಸಹಾಯ ಬೇಕು. ಗಾಯದ ಮಾತಾದರೆ ಆರು ತಿಂಗಳು ಕಾಯಬೇಡಿ. ತಾಯತ ಕಟ್ಟಿ ಕೂಡಬೇಡಿ. ಅಂಗನವಾಡಿ ಕಾರ್ಯಕರ್ತೆಗೆ, ಆಶಾಗೆ ಹೇಳಿ. ಸರಕಾರಿ ದವಾಖಾನೆಯಲ್ಲಿ ಕಿವಿ, ಕಣ್ಣು ತೋರಿಸಿ. ಬೀದರದ ಬ್ರಿಮ್ಸ್ ಆಸ್ಪತ್ರೆಯಲ್ಲಿ ಮನಸ್ಸಿನ ವೈದ್ಯರನ್ನು ಕಾಣಬಹುದು. ಫೋನಿನಲ್ಲಿ 14416 ಒತ್ತಿದರೆ ಟೆಲಿ ಮಾನಸ್ ಸಿಗುತ್ತದೆ. ಇದು 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಬೇಕಿಲ್ಲ.

"ಕೆಟ್ಟ ಹುಡುಗ" ಎಂದು ದಿನಾ ಕೇಳಿದ ಮಗು ಅದನ್ನೇ ನಂಬುತ್ತದೆ. ಮುಂದೆ ಸಾಲಿ ಬಿಡುತ್ತದೆ, ಮನೆಯಿಂದಲೂ ದೂರವಾಗುತ್ತದೆ. ಅದಾಗಬಾರದು. ಇಂದೇ ಆ ಮಗುವಿನ ಒಂದು ಒಳ್ಳೆಯ ಕೆಲಸ ಹುಡುಕೋಣ. ಹತ್ತಿರ ಕರೆದು, ಹೆಸರು ಹಿಡಿದು ಹೇಳೋಣ. ನೆರೆಮನೆಯ ತಾಯಿ ಅಳುತ್ತಿದ್ದರೆ ಅವಳನ್ನು ದೂರಬೇಡಿ. ಈ ಪಾಠ ಅವಳಿಗೂ ಓದಿ ಹೇಳಿ.