ದಿನಚರಿ ತಾಳೆಗರಿಯಲ್ಲ, ಕಡತ

(ಮೂಡುಬಿದಿರೆಯಲ್ಲಿ ಅಧ್ಯಾಪಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಪೇಟೆಯ ಪುಸ್ತಕದಂಗಡಿಗಳಲ್ಲಿ ಹೊಸ ಡೈರಿಗಳು ಸಾಲಾಗಿ ನಿಲ್ಲುತ್ತವೆ. ಬ್ಯಾಂಕಿನವರೋ ಸಹಕಾರ ಸಂಘದವರೋ ಕೊಟ್ಟ ಒಂದೆರಡು ಮನೆ ಸೇರುತ್ತವೆ. ಜನವರಿ ಒಂದರಂದು ಮುತ್ತಿನಂಥ ಅಕ್ಷರ. ಹದಿನೈದಕ್ಕೆ ಅದು ಓಡತೊಡಗುತ್ತದೆ. ಶಿವರಾತ್ರಿಯ ಹೊತ್ತಿಗೆ ಅದೇ ಡೈರಿಯಲ್ಲಿ ಹಾಲಿನ ಲೆಕ್ಕ! ಇದು ನಮ್ಮ ಸೋಮಾರಿತನವೆಂದುಕೊಂಡು ಮುಂದಿನ ವರ್ಷ ಇನ್ನೂ ದಪ್ಪದ್ದನ್ನು ಕೊಳ್ಳುತ್ತೇವೆ. ಆದರೆ ಕಾಗದದಿಂದ ನಾವು ಏನನ್ನು ನಿರೀಕ್ಷಿಸಿದೆವು ಎಂದು ಕೇಳಿಕೊಳ್ಳುವುದಿಲ್ಲ.

ಮೂಡುಬಿದಿರೆಯಲ್ಲಿ ನಿಂತು ಬರವಣಿಗೆಯ ಮಾತನಾಡುವಾಗ ತಾಳೆಗರಿ ನೆನಪಾಗದೆ ಇರದು. ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಳಾ ಟೀಕೆ ನಮಗೆ ದಕ್ಕಿದ್ದು ಅದರ ತಾಳೆಗರಿ ಪ್ರತಿಗಳು ಈ ಊರಿನ ಬಸದಿಯಲ್ಲಿ ಉಳಿದುಕೊಂಡದ್ದರಿಂದ. ಅದು ಉಳಿಯಲೆಂದೇ ಬರೆದ ಬರಹ. ಆದರೆ ಅಂದಿನ ವರ್ತಕರ ದಿನದಿನದ ಲೆಕ್ಕಕ್ಕೆ ಬೇರೆಯೇ ಸಾಧನವಿತ್ತು: ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಚಿ ಇಡುತ್ತಿದ್ದರು. ಬಳಪದಲ್ಲಿ ಬರೆಯುವುದು, ಬೇಡವಾದಾಗ ಒರೆಸಿ, ಮತ್ತೆ ಬಳಿದು, ಮತ್ತೆ ಬರೆಯುವುದು. ಇಂದು ಆ ಪದ ಕಚೇರಿಯ ಫೈಲಿಗೆ ಅಂಟಿಕೊಂಡಿದೆ. ನಮ್ಮ ದಿನಚರಿ ಪುಸ್ತಕ ಈ ಕಡತದ ವಂಶಕ್ಕೆ ಸೇರಿದ್ದು. ನಾವು ಅದನ್ನು ತಾಳೆಗರಿಯೆಂದು ತಿಳಿಯುತ್ತೇವೆ. ಒಂದು ದಿನ ತಪ್ಪಿದರೆ ವ್ರತಭಂಗವಾದಂತೆ ಇಡೀ ಪುಸ್ತಕವನ್ನೇ ಬಿಟ್ಟುಬಿಡುತ್ತೇವೆ.

ಕಾಗದವಿಲ್ಲದೆಯೂ ತುಳುನಾಡಿಗೆ ಒಂದು ದಿನಚರಿಯಿತ್ತು. ಬಿಸುವಿನಿಂದ ವರ್ಷ ಆರಂಭ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮ ಜಾತ್ರೆಗಳು ನಿಲ್ಲುತ್ತವೆ. ಮುಂದೆ ಮಳೆ, ಬೇಸಾಯ. ಈ ವ್ಯವಸ್ಥೆ ಗಂಟೆಗಂಟೆಯ ಕೆಲಸ ಹೇಳುವುದಿಲ್ಲ. ಯಾವುದಕ್ಕೆ ಕಾಲ, ಯಾವುದನ್ನು ಈಗ ಬಿಡಬೇಕು ಎಂಬುದನ್ನಷ್ಟೇ ಹೇಳುತ್ತದೆ. ಕೈಬಿಡಬೇಕಾದ ಕೆಲಸವನ್ನೂ ಹೇಳುವುದೇ ಅದರ ಹೆಚ್ಚುಗಾರಿಕೆ.

ತಾರೀಖು ಬರೆದಿಟ್ಟರೂ ಮಳೆ ಅದನ್ನು ಕೇಳುವುದಿಲ್ಲ. ಬಂಟ್ವಾಳದ ಅಡಿಕೆ ಕೃಷಿಕರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದ ಆರಂಭಕ್ಕೊಮ್ಮೆ, ಮತ್ತೆ 40–45 ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಬೇಕು. ನಲವತ್ತೈದನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದು. ಅಂದು ಮಳೆ ಬಿಡುವು ಕೊಡಬೇಕು, ಮರವೇರುವವರು ಸಿಗಬೇಕು. ಹಾಗೆಂದು ಗುರುತು ವ್ಯರ್ಥವಲ್ಲ. ಗುರುತಿದ್ದವನು ಮೈಲುತುತ್ತು ತಂದಿಟ್ಟು ಬಿಸಿಲಿಗೆ ಕಾಯುತ್ತಾನೆ. ಇಲ್ಲದವನು ಬಿಸಿಲು ಬಂದ ಮೇಲೆ ಪೇಟೆಗೆ ಓಡುತ್ತಾನೆ. ಯೋಜನೆಯಿಂದ ಸಿಗುವುದು ಸಿದ್ಧತೆ, ಫಲದ ಖಾತರಿಯಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಒಂದು ವರ್ಷ ನಾನು ಬಹಳ ಶಿಸ್ತಿನಿಂದ ಡೈರಿ ಬರೆದೆ. ಜೂನ್ ತಿಂಗಳ ಒಂದು ಪುಟದಲ್ಲಿ ‘ಅಮ್ಮನ ಕಣ್ಣು ತೋರಿಸುವುದು’ ಎಂದಿತ್ತು. ಆಗಲಿಲ್ಲ, ಮುಂದಿನ ವಾರಕ್ಕೆ ಬರೆದೆ. ಮತ್ತೆ ಮುಂದಿನ ವಾರಕ್ಕೆ. ಪ್ರತಿ ಸಲ ಬರೆದಾಗಲೂ ಅರ್ಧ ಕೆಲಸ ಆದಂತೆ ಮನಸ್ಸಿಗೆ ಸಮಾಧಾನ. ದೀಪಾವಳಿ ಕಳೆದ ಮೇಲೆ ಕರೆದೊಯ್ದಾಗ, ಕಣ್ಣಿನ ಒತ್ತಡದಿಂದ ನರಕ್ಕೆ ಹಾನಿಯಾಗಿದೆ, ಹೋದ ದೃಷ್ಟಿ ಮರಳದು, ಉಳಿದದ್ದನ್ನು ಕಾಪಾಡೋಣ ಎಂದರು ವೈದ್ಯರು. ಅಮ್ಮ ಏನೂ ಅನ್ನಲಿಲ್ಲ. ಮನೆಗೆ ಬಂದು ಪುಟ ತಿರುವಿದೆ: ಒಂಬತ್ತು ಕಡೆ ಅದೇ ವಾಕ್ಯ, ಅದೇ ಅಂದದ ಅಕ್ಷರ. ಡೈರಿ ತಪ್ಪು ಮಾಡಿರಲಿಲ್ಲ. ಒಂಬತ್ತು ಸಲ ಅದು ನೆನಪಿಸಿತ್ತು. ನಾನು ಬರೆದದ್ದನ್ನೇ ಮಾಡಿದ್ದೆಂದು ಭ್ರಮಿಸಿದ್ದೆ.

ಕಾಗದಕ್ಕೆ ಇಲ್ಲದ ಬಲ ಯಾವುದು? ಬೆಳ್ತಂಗಡಿಯ ಕಡೆ ನೋಡಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಆ ತಾಲ್ಲೂಕಿನಲ್ಲಿ ಆರಂಭವಾಯಿತು. ಅದು ಬೆಳೆಸಿದ ಪ್ರಗತಿಬಂಧು ಗುಂಪುಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯ ಮೇಲೆ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುವ ಪದ್ಧತಿ ರೂಢಿಯಾಯಿತು. ನಿಮ್ಮ ಅಂಗಳದಲ್ಲಿ ಬೆಳಿಗ್ಗೆ ಐದಾರು ಮಂದಿ ಹಾರೆ ಹಿಡಿದು ನಿಂತಿದ್ದರೆ ‘ಮುಂದಿನ ವಾರ ನೋಡೋಣ’ ಎನ್ನಲಾಗುವುದಿಲ್ಲ. ಡೈರಿ ಮೌನವಾಗಿ ಕಾಯುತ್ತದೆ, ನೆರೆಯವರು ಕರೆಯುತ್ತಾರೆ.

ಆದ್ದರಿಂದ ನನ್ನ ಸಲಹೆ ಇಷ್ಟೆ. ದಿನಕ್ಕೆ ಹತ್ತು ಕೆಲಸ ಬರೆಯಬೇಡಿ, ಮೂರು ಸಾಕು. ಒಂದು ಕೆಲಸ ಮೂರನೆಯ ಸಲ ಮುಂದಿನ ಪುಟಕ್ಕೆ ಹೋಗುತ್ತಿದೆಯೆಂದರೆ ಅಲ್ಲೇ ನಿಲ್ಲಿ. ಬೇಡದ್ದಾದರೆ ಹೊಡೆದುಹಾಕಿ, ಬೇಕಾದದ್ದಾದರೆ ಮನೆಯವರೊಬ್ಬರಿಗೆ ಬಾಯಿಬಿಟ್ಟು ಹೇಳಿ, ಅವರ ಎದುರೇ ದಿನ ಗೊತ್ತುಮಾಡಿ. ಮೊಬೈಲು ಗಂಟೆ ಬಾರಿಸಿದರೂ ಏಳಬೇಕಾದವರು ನಾವೇ. ಹದಿನೈದು ಪುಟ ಖಾಲಿ ಬಿದ್ದರೆ ನಾಚಬೇಡಿ, ಹದಿನಾರನೆಯದರಲ್ಲಿ ಬರೆಯಿರಿ. ಕಡತದಲ್ಲಿ ಒರೆಸಿದ ಜಾಗಕ್ಕೆ ಯಾರೂ ದುಃಖಿಸುತ್ತಿರಲಿಲ್ಲ.

ಈಗ ನನ್ನ ಡೈರಿಯಲ್ಲಿ ಅಮ್ಮನ ಕಣ್ಣಿನ ಮದ್ದಿನ ಹೊತ್ತು ಬರೆದಿಲ್ಲ. ರಾತ್ರಿ ಊಟವಾದೊಡನೆ ಅಮ್ಮನೇ ಕರೆಯುತ್ತಾರೆ. ನಾನು ಎದ್ದು ಹೋಗಿ ಹಾಕುತ್ತೇನೆ.