ದಾನವಲ್ಲ, ಬಾಕಿ
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮಾಸ್ತರನಾಗಿದ್ದಾಗ ಕಣ್ಣಿಲ್ಲದ ಹುಡುಗನೊಬ್ಬ ತರಗತಿಯ ಮೂಲೆಯಲ್ಲಿ ಕೂರುತ್ತಿದ್ದ. ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ಅವನಿಗೆ ಬ್ರೈಲ್ ಪುಸ್ತಕ ಬರಲೇ ಇಲ್ಲ. ಕಡೆಗೆ ಅವನೂ ಬರುವುದನ್ನು ಬಿಟ್ಟ.

ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕೆಂದು 2016ರ ಕಾಯಿದೆ ಸಾರಿತು. ಹಣವೆಷ್ಟು? 2018ರ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 3,500 ರೂಪಾಯಿ ಎಂದು ಗೊತ್ತುಮಾಡಿದರು. ಅಂಗಡಿಯ ಅಣ್ಣಂದಿರೇ, ಭಾಗಿಸಿ ನೋಡಿ: ದಿನಕ್ಕೆ ಹತ್ತು ರೂಪಾಯಿಯೂ ಬೀಳದು. ಇದರಲ್ಲಿ ಪುಸ್ತಕವೋ, ಗಾಲಿಕುರ್ಚಿಯೋ, ಓಡಾಟದ ಖರ್ಚೋ?

ನಿಮ್ಮ ಓಣಿಯಲ್ಲಿ ಇಂಥ ಮಗುವಿದ್ದರೆ ಶಾಲೆಯಲ್ಲಿ ಹೆಸರು ಬರೆಸಿ. ಬಂದ ಹಣದ ಲೆಕ್ಕ ಕೇಳಿ. ಕರುಣೆ ಬೇಡುವುದಲ್ಲ, ಕೂಲಿಯ ಬಾಕಿ ಕೇಳುವ ಗಂಟಲಿನಿಂದಲೇ ಇದನ್ನೂ ಕೇಳೋಣ.