ನಮ್ಮ ತೆರಿಗೆ, ನಮ್ಮ ಜಮಾ-ಖರ್ಚು
(ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳಿಂದ ನಮ್ಮ ಸಂಘದ ಸರ್ವಸಾಧಾರಣ ಸಭೆಯಲ್ಲಿ ಜಮಾ-ಖರ್ಚು ಓದುವ ಪದ್ಧತಿ ನಡೆದು ಬಂದಿದೆ. "ಈ ಖರ್ಚು ಯಾಕ ಆತ್ರೀ?" ಎಂದು ಹಿಂದೆ ಕೂತವರೂ ಎದ್ದು ಕೇಳುತ್ತಾರೆ. ಕಾರ್ಯದರ್ಶಿಯವರಿಗೆ ಆಗ ಬೆವರು ಬರುವುದೂ ಉಂಟು! ಇದೇ ಪ್ರಶ್ನೆಯನ್ನು ನಾವು ಸರ್ಕಾರದ ರೊಕ್ಕದ ಬಗ್ಗೆಯೂ ಕೇಳಬೇಕಾಗಿದೆ.

ಭತ್ತದ ಗದ್ದೆಗೆ ಒಂದು ಚೀಲ ಗೊಬ್ಬರ ತಂದರೆ ಶೇ. 5 ಜಿ.ಎಸ್.ಟಿ. ಕಟ್ಟುತ್ತೇವೆ. 2017ರ ಜುಲೈ 1ರಿಂದ ಈ ತೆರಿಗೆ ಬಂದ ಮೇಲೆ ದರ ಏರಿಸುವ, ಇಳಿಸುವ ಅಧಿಕಾರ ರಾಜ್ಯದ ಕೈಯಿಂದ ಬಹಳಷ್ಟು ಹೋಯಿತು. ಪೆಟ್ರೋಲು-ಡೀಸೆಲ್, ಮದ್ಯ, ಮುದ್ರಾಂಕ, ವಾಹನ ತೆರಿಗೆ, ಮುಖ್ಯವಾಗಿ ಇಷ್ಟು ಉಳಿದವು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. ಒಳ್ಳೆಯದೇ ಆಯಿತು. ಆದರೆ ಬೆಂಗಳೂರು ಒಂದೇ ಬಯಸಿದ್ದರೆ ಇದು ಆಗುತ್ತಿರಲಿಲ್ಲ. ಜಿ.ಎಸ್.ಟಿ. ಮಂಡಳಿಯಲ್ಲಿ ಠರಾವು ಪಾಸಾಗಲು ಮುಕ್ಕಾಲು ಪಾಲು ಮತ ಬೇಕು. ಮೂರರಲ್ಲಿ ಒಂದು ಪಾಲು ಕೇಂದ್ರದ ಕೈಯಲ್ಲಿದೆ. ಎಲ್ಲ ರಾಜ್ಯಗಳು ಒಂದಾದರೂ ಕೇಂದ್ರ ಒಪ್ಪದಿದ್ದರೆ ಮುಗೀತು.

ಇನ್ನು ಹಂಚಿಕೆಯ ಮಾತು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಶೇ. 4.713 ಕೊಟ್ಟಿತ್ತು. 15ನೇ ಆಯೋಗ 2021-26ಕ್ಕೆ ಅದನ್ನು 3.647ಕ್ಕೆ ಇಳಿಸಿತು. ಸೆಸ್, ಸರ್‌ಚಾರ್ಜು ಈ ಹಂಚಿಕೆಗೇ ಬರುವುದಿಲ್ಲ. 2024ರ ಫೆಬ್ರುವರಿ 7ರಂದು ನಮ್ಮ ಮುಖ್ಯಮಂತ್ರಿಗಳು, ಮಂತ್ರಿಗಳೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು.

ಇಲ್ಲಿ ನಾವು ರಾಯಚೂರು ಜಿಲ್ಲೆಯವರು ಸ್ವಲ್ಪ ತಡೆದು ಮಾತಾಡಬೇಕು. ಬಡ ರಾಜ್ಯಕ್ಕೆ ಹೆಚ್ಚು ಕೊಡಬಾರದು ಎಂದು ನಾವು ಹೇಳಲಾರೆವು. ಹಿಂದುಳಿದವರು ಎಂದೇ ಅಲ್ಲವೇ ನಾವು 371ಜೆ ಕೇಳಿ, 2012ರ ತಿದ್ದುಪಡಿಯಲ್ಲಿ ಪಡೆದದ್ದು? ಅದೇ ನ್ಯಾಯ ಬಿಹಾರಕ್ಕೂ ಸಲ್ಲಬೇಕು. ನಮ್ಮ ತಕರಾರು ಬೇರೆ. 15ನೇ ಆಯೋಗ ತಲಾ ಆದಾಯದ ಅಂತರಕ್ಕೆ 100ರಲ್ಲಿ 45 ಅಂಕ ಇಟ್ಟಿತು. ಲೆಕ್ಕ ಇಡೀ ರಾಜ್ಯದ್ದು. ಬೆಂಗಳೂರಿನ ಗಳಿಕೆ ನಮ್ಮ ಕೂಲಿಯೊಂದಿಗೆ ಸೇರಿ ಸರಾಸರಿ ಆಗುತ್ತದೆ. ಸಾಹುಕಾರ್ತಿ ಅಲ್ಲಿ, ಕಡಿತ ಇಲ್ಲಿಗೂ!

ದೆಹಲಿಗೆ ಹೇಳಿದ್ದನ್ನು ಬೆಂಗಳೂರಿಗೂ ಹೇಳಬೇಕು. 1983ರ ಕಾಯ್ದೆ, ನಜೀರ್ ಸಾಬರ ದುಡಿಮೆ, 1987ರಲ್ಲಿ ಬಂದ ಜಿಲ್ಲಾ ಪರಿಷತ್ತು, ಇವು ಅಧಿಕಾರವನ್ನು ಕೆಳಗೆ ತಂದವು. ಈಗಲೂ ಪಂಚಾಯತಿ ಇದೆ, ಆದರೆ ರೊಕ್ಕದ ಮೇಲೆ ಚೀಟಿ ಅಂಟಿಸಿ ಕಳಿಸುತ್ತಾರೆ. 2021-26ರ ಆಯೋಗದ ಅನುದಾನದಲ್ಲಿ 100ಕ್ಕೆ 60 ರೂಪಾಯಿ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ನೀರು ಬೇಡ ಎನ್ನುವವರು ಯಾರು? ಆದರೆ ಆ ರೊಕ್ಕ ಉಳಿದರೂ ಶಾಲೆಯ ಮಾಳಿಗೆ ಸೋರುವುದಕ್ಕೆ ಹಾಕುವಂತಿರಲಿಲ್ಲ.

ಒಂದು ಮಾತು ಹೇಳಿದರೆ ಸಿಟ್ಟಾಗಬ್ಯಾಡ್ರಿ. ಮನೆಗಂದಾಯ, ನೀರಿನ ಕರ ಪಂಚಾಯತಿಯೇ ಎತ್ತುವ ರೊಕ್ಕ, ಮೇಲಿನವರ ಚೀಟಿ ಇಲ್ಲದ್ದು. ಅದನ್ನೇ ನಾವು ಬಾಕಿ ಇಟ್ಟುಕೊಂಡು ಅಧಿಕಾರ ಕೇಳಿದರೆ ಹ್ಯಾಂಗ? ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ಆಗಲೇಬೇಕು. ಮುಂದಿನ ಗ್ರಾಮಸಭೆಗೆ ಸಂಘದ ಸದಸ್ಯರೆಲ್ಲ ರಸೀದಿ ಹಿಡಿದುಕೊಂಡು ಹೋಗೋಣ. ಇಲ್ಲಿ ಓದಿಸಿದ ಹಾಗೆ ಅಲ್ಲಿಯೂ ಜಮಾ-ಖರ್ಚು ಓದಿಸೋಣ.